ಮನೆಯೊಳಗಣ ಹೆಬ್ಬಾವು

ಯುಗಾದಿ ಕಳೆದು ಒಂದು ವಾರವಾಗಿತ್ತು. ಬಿಸಿಲು ಆಗಲೇ ನಲವತ್ತರ ಗಡಿಯನ್ನು ಮುಟ್ಟಿದ್ದ ಒಂದು ಮಧ್ಯಾಹ್ನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ತಾನೇ ಕಾರು ನಡೆಸಿಕೊಂಡು ಹಗರಿಬೊಮ್ಮನಹಳ್ಳಿಯ ನಮ್ಮ ಮನೆಗೆ ಬಂದ. ಬಟ್ಟೆಬರೆಯ ಚೀಲಗಳನ್ನು ಕಾರಿನಲ್ಲಿಯೇ ಬಿಟ್ಟು, ಗಾಳಿಯಾಡಲು ತೂತುಗಳಿದ್ದ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಮಾತ್ರ ಎರಡು ಕೈಗಳಿಂದಲೂ ಹಿಡಿದು ಒಳಗೆ ತಂದ. ಮಾವಿನಹಣ್ಣಿರಬೇಕೆಂದು ನನ್ನ ಹೆಂಡತಿ ಬುಟ್ಟಿ ತರಲು ಹೋದಳು. ಅವಳು ಮರಳಿ ಬರುವಷ್ಟರಲ್ಲಿ ಅವನು ಪೆಟ್ಟಿಗೆಯೊಳಗಿನ ಬಟ್ಟೆಯ ಚೀಲವನ್ನು ಬಿಚ್ಚಿದ್ದ. ಕಪ್ಪುಗಂದು ಮೈಯ ಮೇಲೆ ಹೊಂಬಣ್ಣದ ಮಚ್ಚೆಗಳಿದ್ದ ಹಾವೊಂದು ನಡುವೆ ತಲೆ ಅಡಗಿಸಿ ಚೆಂಡಿನಂತೆ ಸುತ್ತಿಕೊಂಡು ಕುಳಿತಿತ್ತು. ಬುಟ್ಟಿ ಎಲ್ಲಿ ಬಿದ್ದಿತೆಂಬುದು ಸಂಜೆಯವರೆಗೂ ನಮಗೆ ತಿಳಿಯಲಿಲ್ಲ.

ಅದು ನಮ್ಮ ನಾಡಿನ ಹಾವಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ಬಾಲ್ ಪೈಥಾನ್ ಎಂದು ಹೆಸರು. ಹೆದರಿದಾಗ ಹೀಗೆ ಚೆಂಡಾಗುವುದರಿಂದ ಬಂದ ಹೆಸರು ಅದು. ನಾನು ಚೆಂಡುಹೆಬ್ಬಾವು ಎಂದು ಕರೆದರೆ ವಾಚಕರು ಮನ್ನಿಸಬೇಕು. ಆಫ್ರಿಕ ಖಂಡದ ಪಶ್ಚಿಮದಲ್ಲಿ ಸೆನೆಗಲ್‌ನಿಂದ ಮೊದಲಾಗಿ ನಡುನಾಡನ್ನು ಹಾದು ಯುಗಾಂಡದವರೆಗೆ, ಹುಲ್ಲುಗಾವಲಿನಲ್ಲಿಯೂ ತೆಳುಗಾಡಿನಲ್ಲಿಯೂ ಅದರ ವಾಸ. ಇಲಿ ತೋಡಿದ ಬಿಲ, ಗೆದ್ದಲು ಕಟ್ಟಿದ ಹುತ್ತ, ಇವೇ ಅದರ ಮನೆ. ಹಗಲೆಲ್ಲ ಅಡಗಿದ್ದು ಮುಸ್ಸಂಜೆಯ ಮೇಲೆ ಹೊರಬೀಳುತ್ತದೆ. ವಿಷವಿಲ್ಲ. ಗಂಡು ಎರಡು ಮೂರು ಅಡಿ, ಹೆಣ್ಣು ಮೂರರಿಂದ ಐದು ಅಡಿ ಬೆಳೆಯುತ್ತದೆ. ನಮ್ಮ ಕಾಡಿನ ಹೆಬ್ಬಾವಿನ ಮುಂದೆ ಇದು ಕೂಸು. ಇಷ್ಟು ಸಾಧುವಾಗಿರುವುದೇ ಅದಕ್ಕೆ ಮುಳುವಾಗಿದೆ. ಕಚ್ಚಲು ಬರುವ ಹಾವನ್ನು ಯಾರು ಮನೆಗೆ ತರುತ್ತಾರೆ?

ಹುಡುಗನ ಕಷ್ಟ ಹೀಗಿತ್ತು. 2019ರಲ್ಲಿ, ಹೊಸದಾಗಿ ಕೆಲಸ ಸಿಕ್ಕ ಉಮೇದಿನಲ್ಲಿ, ಒಂದು ಗೇಣುದ್ದದ ಮರಿಯಾಗಿ ಅದನ್ನು ಕೊಂಡಿದ್ದ. ಈಗ ಕಂಪನಿ ಅವನನ್ನು ಮೂರು ವರ್ಷಗಳ ಕಾಲ ಹೊರದೇಶಕ್ಕೆ ಕಳುಹಿಸುತ್ತಿದೆ. ಗೆಳೆಯರು ಯಾರೂ ಒಪ್ಪಲಿಲ್ಲ. ಕೋಗಳಿಗೆ ಎರಡು ಹರದಾರಿಯ ಹಳ್ಳಿಯಲ್ಲಿರುವ ತಾಯಿಯ ಬಳಿ ಬಿಟ್ಟುಹೋಗಬೇಕು. "ಸರ್, ಅವ್ವ ನಿಮ್ಮ ಮಾತು ಕೇಳ್ತಾಳ. ನೀವೊಂದು ಮಾತು ಹೇಳ್ರಿ" ಎಂದ.

ನಾನು ಹೇಳಿದುದು ಒಂದು ಮಾತಲ್ಲ, ಒಂದು ತಾಸಿನ ಬೈಗುಳು. ಅದರಲ್ಲಿ ಅರ್ಧವನ್ನು ಈಗಲೂ ಹಿಂದಕ್ಕೆ ತೆಗೆದುಕೊಳ್ಳಲು ಸಿದ್ಧನಿಲ್ಲ. ಉಳಿದರ್ಧದ ಬಗ್ಗೆ ನಾಚಿಕೆಯಿದೆ. ಆ ಲೆಕ್ಕವನ್ನು ವಾಚಕರ ಮುಂದಿಡುವುದಕ್ಕಾಗಿಯೇ ಈ ಬರಹ.

ಮೊದಲು, ಹಿಂದೆಗೆಯದ ಅರ್ಧ. ನಾಯಿ ಸಾಕಿದವನು ಹತ್ತು ಹದಿನೈದು ವರ್ಷಗಳಿಗೆ ಋಣ ಬೀಳುತ್ತಾನೆ. ಚೆಂಡುಹೆಬ್ಬಾವು ಸಾಕಣೆಯಲ್ಲಿ ಇಪ್ಪತ್ತರಿಂದ ಮೂವತ್ತು ವರ್ಷ ಬದುಕುವುದು ಸಾಮಾನ್ಯ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ ಒಂದು ಹೆಣ್ಣು ಹಾವಿತ್ತು. ಮನೆಯಲ್ಲಿ ಸಾಕಿಕೊಂಡಿದ್ದವರೊಬ್ಬರು ಅದನ್ನು 1961ರಲ್ಲಿ ಅಲ್ಲಿಗೆ ಒಪ್ಪಿಸಿದ್ದರು. ಎಷ್ಟೋ ವರ್ಷಗಳಿಂದ ಗಂಡಿನ ಸಂಗವೇ ಇಲ್ಲದೆ, 2020ರ ಜುಲೈಯಲ್ಲಿ, ಅರುವತ್ತೆರಡಕ್ಕೆ ಕಡಿಮೆಯಿಲ್ಲದ ಪ್ರಾಯದಲ್ಲಿ, ಅದು ಏಳು ಮೊಟ್ಟೆಗಳನ್ನಿಟ್ಟಿತು. ಕೊಂಡವನ ಉಮೇದು ಎಷ್ಟು ತಿಂಗಳಿತ್ತೋ ಬಲ್ಲವರಾರು. ಹಾವಿನ ಆಯುಸ್ಸು ಮಾತ್ರ ಆರು ದಶಕ ದಾಟಿತು. ಇಪ್ಪತ್ಮೂರರ ಹರೆಯದಲ್ಲಿ ಪೆಟ್ಟಿಗೆ ಕೊಳ್ಳುವ ತರುಣ, ತನಗೆ ಐವತ್ತು ತುಂಬುವಾಗಲೂ ಅದರ ನೀರಿನ ಬಟ್ಟಲು ತೊಳೆಯುತ್ತಿರಬೇಕಾದೀತೆಂದು ಎಣಿಸಿರುತ್ತಾನೆಯೆ? ಮದುವೆ, ವರ್ಗ, ಬಾಡಿಗೆಯ ಮನೆಯ ಯಜಮಾನರ ತಕರಾರು, ಇವುಗಳಲ್ಲಿ ಯಾವುದನ್ನೂ ಎಣಿಸಿರುವುದಿಲ್ಲ.

ಇನ್ನು ಈ ಹಾವುಗಳು ಬರುವ ದಾರಿ. 2023ರ ಸೆಪ್ಟೆಂಬರ್ 6ರ ರಾತ್ರಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಸಾಮಾನನ್ನು ಸುಂಕದ ಅಧಿಕಾರಿಗಳು ಬಿಚ್ಚಿದಾಗ 78 ಪ್ರಾಣಿಗಳು ಸಿಕ್ಕವು. ಅವುಗಳಲ್ಲಿ 55 ಚೆಂಡುಹೆಬ್ಬಾವುಗಳು, ಬಗೆಬಗೆಯ ಬಣ್ಣದವು, 17 ಕಾಳಿಂಗಸರ್ಪಗಳು, ಆರು ಕಪುಚಿನ್ ಕೋತಿಗಳು. ಕೋತಿಗಳು ಆರೂ ಸತ್ತಿದ್ದವು. ಅದಕ್ಕೆ ಎರಡು ವಾರ ಮೊದಲು ಅದೇ ನಿಲ್ದಾಣದಲ್ಲಿ ಸಿಕ್ಕ ಪೆಟ್ಟಿಗೆಯಲ್ಲಿ 234 ಜೀವಿಗಳು. ಉಸಿರುಕಟ್ಟಿ ಸತ್ತ ಕಾಂಗರೂ ಮರಿಯೊಂದು ಅವುಗಳ ನಡುವೆ ಇತ್ತು. 2024ರ ಏಪ್ರಿಲಿನಲ್ಲಿ ಮತ್ತೊಬ್ಬನ ಚೀಲದಲ್ಲಿ ಹತ್ತು ಹಳದಿ ಅನಕೊಂಡಗಳು. ನಾವು ಹುಬ್ಬಳ್ಳಿಯಿಂದ ಪೇಡೆ ತರುವಂತೆ ಇವನ್ನು ತರುತ್ತಾರೆ! ಹಾವಿನ ಬಣ್ಣಕ್ಕೆ ತಕ್ಕಂತೆ ಬೆಲೆ. ಬಣ್ಣಕ್ಕಾಗಿಯೇ ತಳಿಯ ಮೇಲೆ ತಳಿ ಕೂಡಿಸುತ್ತಾರೆ. 'ಸ್ಪೈಡರ್' ಎಂದು ಕರೆಯುವ ಒಂದು ಬಗೆಯ ತಳಿ ಹುಟ್ಟಿನಿಂದಲೇ ನರದೋಷವನ್ನು ಹೊತ್ತು ಬಂದು ತಲೆಯನ್ನು ನೆಟ್ಟಗೆ ನಿಲ್ಲಿಸಲಾರದೆ ಓಲಾಡಿಸುತ್ತದೆ. ಬಣ್ಣ ಚೆಲುವಾಗಿದೆಯೆಂದು ಅದನ್ನೂ ಕೊಳ್ಳುವವರಿದ್ದಾರೆ.

ತವರಿನಲ್ಲಿ ಇದರ ಗತಿಯೇನು? ಟೋಗೊ, ಬೆನಿನ್, ಘಾನ ದೇಶಗಳಲ್ಲಿ ಬಸಿರಾದ ಹಾವನ್ನೂ ಮೊಟ್ಟೆಗಳನ್ನೂ ಬಿಲದಿಂದ ಅಗೆದು ತೆಗೆದು, ಮರಿಮಾಡಿಸಿ, ಹಡಗು ವಿಮಾನಗಳಿಗೆ ಏರಿಸುವುದು ಒಂದು ಕಸುಬಾಗಿ ಬೆಳೆದಿದೆ. 1975ರಿಂದೀಚೆಗೆ ಪಶ್ಚಿಮ ಆಫ್ರಿಕದಿಂದ ಹೀಗೆ ಹೊರಗೆ ಹೋದವು ಮೂವತ್ತು ಲಕ್ಷಕ್ಕೂ ಮಿಕ್ಕು. ಅದೇ ಬೆನಿನ್ ದೇಶದ ವೀಡಾ ಪಟ್ಟಣದಲ್ಲಿ ಈ ಹಾವಿಗೆ ಗುಡಿಯಿದೆ. ರಾತ್ರಿ ಹಾವುಗಳನ್ನು ಹೊರಗೆ ಬಿಡುತ್ತಾರಂತೆ. ಯಾರದಾದರೂ ಮನೆ ಹೊಕ್ಕರೆ ಅತಿಥಿಯೆಂದು ಕಂಡು ಮರಳಿ ಗುಡಿಗೆ ತಂದುಬಿಡುತ್ತಾರಂತೆ. ಒಂದೇ ನಾಡು ಒಂದೇ ಹಾವಿಗೆ ಕೈಮುಗಿಯುತ್ತದೆ, ಅದನ್ನೇ ಎಣಿಸಿ ಮಾರುತ್ತದೆ.

ನಗುವ ಹಕ್ಕು ನಮಗಿದೆಯೆ? ಬೈಗುಳಿನ ಉಳಿದರ್ಧದ ಬಗ್ಗೆ ನನಗೆ ನಾಚಿಕೆ ಮೊದಲಾದುದು ಇಲ್ಲಿಯೇ. "ಇದು ಪರದೇಶದ ಹುಚ್ಚು, ನಮ್ಮ ಸಂಸ್ಕೃತಿಯಲ್ಲಿ ಹಾವಿಗೆ ಗೌರವವಿತ್ತು" ಎಂದು ನಾನು ಹುಡುಗನಿಗೆ ಹೇಳಿಬಿಟ್ಟಿದ್ದೆ. ಆಡಿದ ಮಾತು ಕಿವಿಗೆ ಬಿದ್ದೊಡನೆಯೇ ಸುಳ್ಳೆನಿಸಿತು. ಶಾಸನಗಳು ಕೋಗಳಿ ಐನೂರು ಎಂದು ಕರೆದ ಈ ನಾಡಿನಲ್ಲಿ, ಎಂದರೆ ಇಂದಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಕೆಂಪು ಮಣ್ಣಿನಲ್ಲಿ, ಮಣ್ಣುಮುಕ್ಕ ಹಾವೊಂದಿದೆ. ಬಾಲವೂ ತಲೆಯಂತೆ ಮೊಂಡಾಗಿರುವುದರಿಂದ ಎರಡು ತಲೆಯ ಹಾವು ಎನ್ನುವರು. ಇಲಿಗಳನ್ನು ತಿಂದು ರೈತನಿಗೆ ಉಪಕಾರ ಮಾಡುವ ಬಡಪಾಯಿ. ಅದು ಮನೆಯಲ್ಲಿದ್ದರೆ ಸಂಪತ್ತು ಬರುತ್ತದೆ, ತೂಕ ಹೆಚ್ಚಿದಷ್ಟೂ ಲಕ್ಷಗಟ್ಟಲೆ ಬೆಲೆ ಎಂಬ ಮಾತನ್ನು ಯಾರೋ ಹುಟ್ಟಿಸಿದರು. ಅಂದಿನಿಂದ ಅದನ್ನು ಕೊಡದಲ್ಲಿ, ಗೋಣಿಯಲ್ಲಿ, ಬಕೀಟಿನಲ್ಲಿ ಬಚ್ಚಿಟ್ಟು ಗಿರಾಕಿಗಾಗಿ ಕಾಯುವವರು ಕರ್ನಾಟಕದಲ್ಲಿ ಮತ್ತೆ ಮತ್ತೆ ಪೊಲೀಸರ ಕೈಗೆ ಸಿಕ್ಕುತ್ತಲೇ ಇದ್ದಾರೆ. 1972ರ ವನ್ಯಜೀವಿ ಕಾಯಿದೆ ಅದನ್ನು ಹಿಡಿಯಬಾರದು, ಮಾರಬಾರದು ಎನ್ನುತ್ತದೆ. ಪಂಜರದ ಗಿಳಿಯನ್ನೂ ಸಾಕಬಾರದೆಂದೇ ಆ ಕಾಯಿದೆಯ ಮಾತು. ಆದರೂ ಗಿಳಿಯ ಪಂಜರ ತೂಗುಹಾಕಿದ ಪಡಸಾಲೆಯಲ್ಲಿ ಕುಳಿತು ಎಷ್ಟು ಸಲ ನಾನು ಕಾಫಿ ಕುಡಿದಿಲ್ಲ!

ಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯುವುದನ್ನು ಕುರಿತು ಬರೆಯಲು ನನಗೆ ಸಂಕೋಚವಿದೆ. ನನ್ನ ತಾಯಿಯೂ ಎರೆದವರೇ. ಆದರೆ ಹಾವು ಹಾಲು ಕುಡಿಯುವ ಪ್ರಾಣಿಯಲ್ಲ, ಅದನ್ನು ಅರಗಿಸಿಕೊಳ್ಳಲಾರದು. ಕಲ್ಲಿನ ಹಾವಿಗೊಂದು ನ್ಯಾಯ, ಜೀವದ ಹಾವಿಗೊಂದು ನ್ಯಾಯ ಮಾಡುವ ನಮ್ಮ ನಡತೆಯನ್ನು ಬಸವಣ್ಣನವರು ಎಂದೋ ಎತ್ತಿ ಆಡಿದ್ದಾರೆ. ಅದು ಎಲ್ಲರಿಗೂ ಬಾಯಿಪಾಠ. ನಾನು ಸೇರಿಸಬೇಕೆನ್ನುವುದು ಇಷ್ಟೇ: ಹಾಲೆರೆದವನೂ, ಗಾಜಿನ ಪೆಟ್ಟಿಗೆಯಲ್ಲಿ ಬಣ್ಣದ ಹಾವಿಟ್ಟು ಅತಿಥಿಗಳಿಗೆ ತೋರಿಸುವವನೂ, ಎರಡು ತಲೆಯೆಂದು ತೂಗಿ ನೋಡುವವನೂ ಒಂದು ಪ್ರಶ್ನೆಯನ್ನು ಮಾತ್ರ ಕೇಳಿರುವುದಿಲ್ಲ. ಆ ಹಾವಿಗೆ ಏನು ಬೇಕು?

ಕೋಗಳಿಯ ಬಸದಿಯ 13ನೆಯ ಶತಮಾನದ ಶಾಸನದಲ್ಲಿ ಚೆನ್ನಪಾರ್ಶ್ವದೇವನ ಹೆಸರಿದೆ. ಹಾವಿನ ಹೆಡೆಯ ನೆರಳಿನಲ್ಲಿ ನಿಂತ ತೀರ್ಥಂಕರ ಅವನು. ತಾಪಸನೊಬ್ಬ ಪಂಚಾಗ್ನಿಯ ನಡುವೆ ತಪಸ್ಸಿಗೆ ಕುಳಿತಿದ್ದಾಗ, ಉರಿಯುತ್ತಿದ್ದ ಕೊರಡಿನೊಳಗೆ ಹಾವುಗಳ ಜೋಡಿ ಬೇಯುತ್ತಿದೆಯೆಂದು ರಾಜಕುಮಾರನಾಗಿದ್ದ ಪಾರ್ಶ್ವ ಕಂಡುಹೇಳಿದ ಕಥೆಯನ್ನು ನಾವು ತರಗತಿಯಲ್ಲಿ ಹೇಳುತ್ತೇವೆ. ಹೇಳುವಾಗ ಕರುಣೆಯ ಮೇಲೆ ಒತ್ತು ಹಾಕುವುದು ವಾಡಿಕೆ. ನಾನೂ ಹಾಗೆಯೇ ಪಾಠ ಮಾಡುತ್ತ ಬಂದೆ. ಈಗ ನನಗೆ ಬೇರೊಂದು ತೋರುತ್ತಿದೆ. ಆ ತಾಪಸ ಕ್ರೂರಿಯೇನಲ್ಲ. ಕೊರಡಿನೊಳಗೆ ಏನಿದೆಯೆಂದು ನೋಡಲಿಲ್ಲ, ಅಷ್ಟೆ. ಅಲ್ಲಿ ಮೊದಲು ನಡೆದುದು ನೋಟ. ಕರುಣೆ ಅದರ ಹಿಂದೆ ಬಂದಿತು.

ಇರಲಿ. ಕಾನೂನಿನ ಮಾತನ್ನು ಬೇಗನೆ ಮುಗಿಸುತ್ತೇನೆ. ನಮ್ಮ ನಾಡಿನ ಯಾವ ಹಾವನ್ನೂ ಮನೆಯಲ್ಲಿ ಸಾಕುವಂತಿಲ್ಲ. ಪರದೇಶದ ಜೀವಿಗಳನ್ನು ಹೊಂದಿದ್ದವರು ಆರು ತಿಂಗಳೊಳಗೆ ತಾವಾಗಿಯೇ ತಿಳಿಸಿದರೆ ದಾಖಲೆ ಕೇಳುವುದಿಲ್ಲವೆಂದು ಕೇಂದ್ರದ ಪರಿಸರ ಸಚಿವಾಲಯ 2020ರ ಜೂನಿನಲ್ಲಿ ಹೇಳಿತು. ಮುಂದೆ ವನ್ಯಜೀವಿ ಕಾಯಿದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಚೆಂಡುಹೆಬ್ಬಾವಿನಂಥವು ಅದರ ನಾಲ್ಕನೆಯ ಪಟ್ಟಿಗೆ ಸೇರಿದವು. 2024ರ ಫೆಬ್ರವರಿಯ ನಿಯಮಗಳಂತೆ ಇಂಥ ಜೀವಿಯನ್ನು ಸರಕಾರದ 'ಪರಿವೇಶ್' ತಾಣದಲ್ಲಿ ನೋಂದಾಯಿಸಬೇಕು. ಅದು ಕೈಬದಲಾದರೂ, ಮರಿಹಾಕಿದರೂ, ಸತ್ತರೂ ತಿಳಿಸಬೇಕು. ನನ್ನ ವಿದ್ಯಾರ್ಥಿ ಎರಡು ಸಲವೂ ಬರೆದುಕೊಟ್ಟಿದ್ದ. ಆ ಕಾಗದಗಳನ್ನು ನೋಡಿದ ಮೇಲೆಯೇ ನಾನು ಅವನ ಕಾರು ಹತ್ತಿದುದು.

ತಾಯಿ ಪಡಸಾಲೆಯಲ್ಲಿ ಶೇಂಗಾ ಬಿಡಿಸುತ್ತ ಕುಳಿತಿದ್ದರು. ಶರಣರ ಮನೆ, ಮೊಟ್ಟೆಯೂ ಹೊಸ್ತಿಲು ದಾಟದ ಮನೆ. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಪೀಠಿಕೆಯನ್ನು ಆರಂಭಿಸುವ ಮೊದಲೇ ಮಗ ಪೆಟ್ಟಿಗೆಯ ಮುಚ್ಚಳ ತೆಗೆದ. ಓಣಿಯ ಜನ ಬಾಗಿಲಿಗೆ ಮುತ್ತಿದರು. ಕೊಳಕುಮಂಡಲ ಎಂದರೊಬ್ಬರು, ದೇವರ ಹಾವು ಎಂದರು ಮತ್ತೊಬ್ಬರು. ಆಕೆ ಬಹಳ ಹೊತ್ತು ನೋಡಿ, ಮಗನನ್ನು ಕೇಳಿದರು: "ಇದು ಏನ್ ತಿಂತೈತಿ, ಎಷ್ಟು ದಿನಕ್ಕೊಮ್ಮೆ ತಿಂತೈತಿ, ಯಾವಾಗ ಮಲಗತೈತಿ, ಮೊದ್ಲು ಅದನ್ನ ಹೇಳು. ದೇವ್ರೋ ದೆವ್ವೋ ಆಮ್ಯಾಲೆ ನೋಡಾಣ."

ಎಂ.ಎ. ಓದಿದ ನಾನು ಒಂದು ತಾಸು ಬೈದರೂ ಕೇಳದ ಪ್ರಶ್ನೆಗಳು ಅವು.

ಮಗ ಹೇಳತೊಡಗಿದ. ಬೆಳೆದ ಹಾವಿಗೆ ಎರಡು ಮೂರು ವಾರಕ್ಕೊಂದು ಇಲಿ ಸಾಕು. ಇಲಿಯ ದಪ್ಪ ಹಾವಿನ ನಡುವಿನ ದಪ್ಪವನ್ನು ಮೀರಬಾರದು. ಜೀವಂತ ಇಲಿ ಬೇಡ, ಅದು ತಿರುಗಿಬಿದ್ದು ಹಾವನ್ನೇ ಕಚ್ಚಿ ಗಾಯ ಮಾಡುವುದುಂಟು. ಕೊಂದು ಹೆಪ್ಪುಗಟ್ಟಿಸಿದ್ದನ್ನು ಬೆಚ್ಚಗೆ ಮಾಡಿ ಇಕ್ಕುಳದಲ್ಲಿ ಹಿಡಿದು ಕೊಡಬೇಕು. ತಿಂದ ಮೇಲೆ ಎರಡು ದಿನ ಮುಟ್ಟಬಾರದು. ಜೋಳದ ಚೀಲದ ಇಲಿಯನ್ನೇ ಹಿಡಿದು ಕೊಟ್ಟರಾಯಿತಲ್ಲ ಎಂದು ಆಕೆ ಕೇಳಿದಾಗ, ಅದು ಪಾಷಾಣ ತಿಂದಿರಬಹುದು, ಅದರ ಮೈಯಲ್ಲಿ ಹುಳುವಿರಬಹುದು ಎಂದ. ಮುಟ್ಟಿದ ಮೇಲೆ ಸಾಬೂನಿನಿಂದ ಕೈತೊಳೆಯಬೇಕು. ಹಾವಿನ ಮೈಯಿಂದ ಹೊಟ್ಟೆಕೆಡಿಸುವ ರೋಗಾಣು ಅಂಟುವುದುಂಟು. ಆಕೆ ಒಂದೊಂದಕ್ಕೂ ತಲೆದೂಗಿ, ಕೊನೆಗೆ ಹೇಳಿದರು: "ಬೆಕ್ಕು ಇಲಿ ತಿಂದ್ರ ಬೆಕ್ಕಿಗೆ ಪಾಪ ಬರ್ತೈತೇನು? ಆದ್ರ ನನ್ ಅಡಿಗಿ ಮನಿಯ ಫ್ರಿಜ್‌ನಾಗ ಮಾತ್ರ ಬ್ಯಾಡ." ದನದ ಕೊಟ್ಟಿಗೆಯಲ್ಲಿ ಒಂದು ಪುಟ್ಟ ಫ್ರಿಜ್ ಬಂದಿತು. ಉಣಿಸುವ ಕೆಲಸ ಪಿ.ಯು.ಸಿ. ಓದುವ ಮೊಮ್ಮಗನ ಪಾಲಿಗೆ.

ಆದರೆ ಊಟಕ್ಕಿಂತ ಕಠಿಣವಾದುದು ಶಾಖ. ಹಾವಿನ ಮೈಗೆ ತನ್ನದೇ ಬಿಸಿಯಿಲ್ಲ. ಬಿಸಿ ಬೇಕಾದಾಗ ಬಿಸಿಯೆಡೆಗೆ, ತಂಪು ಬೇಕಾದಾಗ ತಂಪಿನೆಡೆಗೆ ಸರಿದು ಬದುಕುವ ಜೀವ. ಆದುದರಿಂದ ಪೆಟ್ಟಿಗೆಯ ಒಂದು ಕೊನೆಯಲ್ಲಿ 31-32 ಡಿಗ್ರಿ, ಇನ್ನೊಂದು ಕೊನೆಯಲ್ಲಿ 25-27 ಡಿಗ್ರಿ ಇರಬೇಕು. ಎರಡು ಕಡೆಯೂ ಅಡಗಲು ಗೂಡಿರಬೇಕು. ಗಾಳಿಯಲ್ಲಿ ನೂರಕ್ಕೆ ಅರುವತ್ತರಷ್ಟು ತೇವವಿರಬೇಕು. ನಾಲ್ಕಡಿ ಉದ್ದ ಎರಡಡಿ ಅಗಲಕ್ಕೆ ಕಡಿಮೆಯಾದ ಪೆಟ್ಟಿಗೆ ಬೆಳೆದ ಹಾವಿಗೆ ಸಾಲದು. ಬೆಂಗಳೂರಿನಲ್ಲಿ ಅವನ ಚಿಂತೆಯೆಲ್ಲ ಚಳಿಗಾಲದ್ದು. ವಿದ್ಯುತ್ತಿನ ಹಾಸಿಗೆಯಿಂದ ಬಿಸಿ ಮಾಡುತ್ತಿದ್ದ. ನಮ್ಮ ಸೀಮೆಯ ಚಿಂತೆ ತಲೆಕೆಳಗು. ಅಟ್ಟದ ತಗಡಿನ ಕೋಣೆಯಲ್ಲಿ ಪೆಟ್ಟಿಗೆ ಇರಿಸಿದಾಗ ಮಾಪಕ 38 ತೋರಿಸಿತು, ಕರೆಂಟೂ ಹೋಗಿತ್ತು. ಇನ್ನೊಂದು ತಾಸು ಅಲ್ಲಿಯೇ ಬಿಟ್ಟಿದ್ದರೆ ಹಾವು ಉಳಿಯುತ್ತಿತ್ತೋ ಇಲ್ಲವೋ. ಹುಡುಗನ ಮುಖ ಬಾಡಿತು. ತಾಯಿ ಮಾತಾಡದೆ ಪೆಟ್ಟಿಗೆಯ ಒಂದು ಬದಿ ಹಿಡಿದು, ಮಾಳಿಗೆಯ ಮನೆಯ ಒಳಗಣ ಕಾಳಿನ ಕೋಣೆಗೆ ಒಯ್ಯುವಂತೆ ಕಣ್ಣುಸನ್ನೆ ಮಾಡಿದರು. ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಕಿಟಕಿಯಿಲ್ಲ. ಮಾಪಕ ಅರ್ಧ ತಾಸಿನಲ್ಲಿ 29ಕ್ಕೆ ಇಳಿಯಿತು.

ತೇವದ ಪ್ರಶ್ನೆಯನ್ನೂ ಆಕೆಯೇ ಬಗೆಹರಿಸಿದರು. ಒಣಗಾಳಿಗೆ ಹಾವಿನ ಪೊರೆ ಒಮ್ಮೆಗೇ ಕಳಚದೆ ತುಂಡುತುಂಡಾಗಿ ಅಂಟಿಕೊಳ್ಳುತ್ತದೆ. ಕಣ್ಣಿನ ಮೇಲಣ ಪೊರೆ ಉಳಿದುಬಿಟ್ಟರೆ ಅಪಾಯ. ಬಾಯಿ ಒಡೆದ ಗಡಿಗೆಯೊಂದನ್ನು ಮಗ್ಗುಲಾಗಿ ಮಲಗಿಸಿ, ಒಳಗೆ ಒದ್ದೆಯ ಗೋಣಿತಾಟು ಹಾಸಿದರು. ಸಂಜೆಯ ಹೊತ್ತಿಗೆ ಹಾವು ಅದರೊಳಗೆ ಸೇರಿತ್ತು. ಅಂಗಡಿಯಲ್ಲಿ ಸಾವಿರಾರು ರೂಪಾಯಿ ತೆತ್ತು ತಂದಿದ್ದ ಪ್ಲಾಸ್ಟಿಕ್ಕಿನ ಗವಿ ಮೂಲೆಯಲ್ಲಿ ಖಾಲಿಯಿತ್ತು. ಹುತ್ತದಲ್ಲಿ ಬಾಳುವ ಹಾವಿಗೆ ಸುಟ್ಟ ಮಣ್ಣಿನ ಕತ್ತಲೆಯೇ ಹಿತವಾಗಿರಬೇಕೆಂದು ನಾನು ಊಹಿಸಿದೆ, ಊಹೆ ಅಷ್ಟೆ.

ಓಣಿಯ ಹಿರಿಯರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಸಲಹೆ ಕೊಟ್ಟರು: ಇಷ್ಟೆಲ್ಲ ಪಡಿಪಾಟಲು ಏಕೆ, ಗುಡೇಕೋಟೆಯ ಗುಡ್ಡದಲ್ಲಿ ಬಿಟ್ಟುಬಿಡಿ, ಪುಣ್ಯ ಬರುತ್ತದೆ. ಸಾಕುಪ್ರಾಣಿ ಬೇಸರವಾದಾಗ ಎಲ್ಲರ ಬಾಯಲ್ಲಿಯೂ ಬರುವ ಮಾತು ಇದು, ಬಿಡುಗಡೆಯೆಂಬ ಚೆಂದದ ಹೆಸರು ಹೊತ್ತದ್ದು. ಇದನ್ನು ನಾನು ಕಟುವಾಗಿಯೇ ವಿರೋಧಿಸುತ್ತೇನೆ. ಇಕ್ಕುಳದ ತುತ್ತಿಗೆ ಒಗ್ಗಿದ ಹಾವು ನಮ್ಮ ಗುಡ್ಡದ ಬೇಸಗೆಯನ್ನು ದಾಟುವುದು ಕಷ್ಟ. ಮಚ್ಚೆ ನೋಡಿ ಕೊಳಕುಮಂಡಲವೆಂದು ಮೊದಲ ಹೊಲದಲ್ಲಿಯೇ ಬಡಿದು ಕೊಂದಾರು. ಸಾಯದೆ ಉಳಿದರೆ, ಅದರ ಮೈಯ ಉಣ್ಣೆಯೋ ರೋಗವೋ ನಮ್ಮ ಮಣ್ಣಿನ ಹಾವುಗಳಿಗೆ ತಗುಲೀತು. ಅಮೆರಿಕದ ಫ್ಲಾರಿಡದಲ್ಲಿ, ಸಾಕುಪ್ರಾಣಿಯ ವ್ಯಾಪಾರದ ದಾರಿಯಿಂದ ಜೌಗು ಸೇರಿದ ಬರ್ಮದ ಹೆಬ್ಬಾವುಗಳು ಅಲ್ಲಿಯ ಸಣ್ಣ ಮೃಗಗಳನ್ನು ಬಹುಮಟ್ಟಿಗೆ ಬರಿದುಮಾಡಿವೆ. ಹಾಗೆ ಗುಡ್ಡದಲ್ಲಿ ಬಿಟ್ಟುಬರುವವನು ಹಾವನ್ನು ಬಿಡುಗಡೆ ಮಾಡುವುದಿಲ್ಲ. ತನ್ನನ್ನು ಬಿಡುಗಡೆ ಮಾಡಿಕೊಳ್ಳುತ್ತಾನೆ.

ಆದುದರಿಂದ ನನ್ನ ನಿಲುವು ಇದು. ಈ ಹಾವನ್ನು ಕೊಳ್ಳಬೇಡಿ. ನೋಂದಣಿ ಇದ್ದರೂ, ಇಲ್ಲೇ ಹುಟ್ಟಿದ ಮರಿಯೆಂದರೂ ಕೊಳ್ಳಬೇಡಿ. ಕೊಳ್ಳುವವನಿದ್ದರೆ ಬ್ಯಾಂಕಾಕಿನ ಪೆಟ್ಟಿಗೆ ಬಂದೇ ಬರುತ್ತದೆ. ಆದರೆ ಈಗಾಗಲೇ ಕೊಂಡವನನ್ನು ಹೀಯಾಳಿಸಿ, ನಾಚಿಸಿ, ಅವನು ರಾತ್ರೋರಾತ್ರಿ ಹಾವನ್ನು ಬೇಲಿಗೆ ಎಸೆಯುವಂತೆ ಮಾಡಬೇಡಿ. ನಾನು ಮಾಡಲಿದ್ದ ತಪ್ಪು ಅದೇ. ಕೊಂಡದ್ದು ಎಷ್ಟೇ ಎಳಸುತನವಾಗಿರಲಿ, ಇರುವಷ್ಟು ಕಾಲ ನೋಡಿಕೊಳ್ಳುವುದರಲ್ಲಿ ಎಳಸುತನವಿಲ್ಲ. ಅದೂ ಈ ಜೀವ ನಾಯಿಯಂತೆ ಬಾಲವಾಡಿಸುವುದಿಲ್ಲ, ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಹೊರಗಿವಿಯೇ ಇಲ್ಲ. ಕೈಯ ಬಿಸಿಗೆ ಸುತ್ತಿಕೊಂಡೀತು, ಪ್ರೀತಿಗಲ್ಲ. ಇದು ಗೊತ್ತಿದ್ದೂ ಹದಿನೈದು ದಿನಕ್ಕೊಮ್ಮೆ ಇಲಿ, ದಿನಕ್ಕೊಮ್ಮೆ ನೀರು, ಎರಡು ಹೊತ್ತು ಮಾಪಕ ನೋಡುವವನಲ್ಲಿ ನನಗೆ ಗೌರವ ಹುಟ್ಟಿದೆ.

ಹುಡುಗ ಜೂನಿನಲ್ಲಿ ಹೊರಟ. ಸ್ಥಳ ಬದಲಾದುದನ್ನು ಬರೆದು ತಿಳಿಸಿದ ಕಾಗದ ತಾಯಿಯ ಟ್ರಂಕಿನಲ್ಲಿದೆ. ಅವನು ಹೋದ ಮೇಲೆ ಆರು ವಾರ ಹಾವು ಏನನ್ನೂ ತಿನ್ನಲಿಲ್ಲ. ಮಗನ ಅಗಲಿಕೆಯ ದುಃಖವೆಂದು ಓಣಿಯವರು ಕಣ್ಣು ಒರೆಸಿಕೊಂಡರು. ಈ ಜಾತಿಯ ಹಾವು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಪವಾಸ ಬೀಳುವುದು ಸಾಮಾನ್ಯವೆಂದೂ, ತೂಕ ಇಳಿಯದಿದ್ದರೆ ಹೆದರಬೇಕಾಗಿಲ್ಲವೆಂದೂ ಮೊಮ್ಮಗ ಅವರಿಗೆ ತಿಳಿಹೇಳಬೇಕಾಯಿತು. ವಾರಕ್ಕೊಮ್ಮೆ ಹಾವನ್ನು ಚೀಲದಲ್ಲಿಟ್ಟು ಶೇಂಗಾ ತೂಗುವ ತಕ್ಕಡಿಯಲ್ಲಿ ತೂಗಿ, ನೋಟುಬುಕ್ಕಿನಲ್ಲಿ ಬರೆಯುತ್ತಾನೆ.

ಪಂಚಮಿಗೆ ನಾನು ಅಲ್ಲಿಗೆ ಹೋಗಿದ್ದೆ. ಓಣಿಯ ಹೆಣ್ಣುಮಕ್ಕಳು ಹಾಲಿನ ಗಿಂಡಿ ಹಿಡಿದು ಕಾಳಿನ ಕೋಣೆಯ ಮುಂದೆ ನಿಂತಿದ್ದರು. "ಇದು ಹಾಲು ಕುಡಿಯಂಗಿಲ್ಲವ್ವಾ, ನೀರು ಕುಡಿತೈತಿ" ಎಂದು ಆಕೆ ಗಿಂಡಿಗಳನ್ನೆಲ್ಲ ಇಸಿದುಕೊಂಡು, ಹಾಲು ಕಾಸಿ, ಜೋಕಾಲಿಯಾಡುತ್ತಿದ್ದ ಮಕ್ಕಳಿಗೆ ಬೆಲ್ಲ ಹಾಕಿ ಕುಡಿಸಿದರು. ಮೊಮ್ಮಗ ನೋಟುಬುಕ್ಕು ತಂದು ತೋರಿಸಿದ. ಹಿಂದಿನ ರಾತ್ರಿಯ ಸಾಲಿನಲ್ಲಿ ಇಷ್ಟೇ ಇತ್ತು: ಕೋಣೆ 27 ಡಿಗ್ರಿ. ನೀರು ಬದಲಿಸಿದೆ. ಒಂಬತ್ತೂವರೆಗೆ ಇಲಿ ತಿಂದಿತು.